ಕೇಬಲ್ ಆರಿಸಿದವನ ಅಂಗೈ

ಬಾನೆಟ್ಟಿನ ಬಿಸಿಗೆ ಎರಡು ಬೇಸಿಗೆಯಲ್ಲಿ ಎರಡು ಬ್ಯಾಟರಿ ಸತ್ತವು. ಮೂರನೆಯದನ್ನು ಹಿಂದಿನ ಡಿಕ್ಕಿಯಲ್ಲಿ ಕೂರಿಸಲು ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಒಂದು ಗ್ಯಾರೇಜಿಗೆ ಕಾರು ಒಯ್ದೆ. ವೈರಿಂಗ್ ಮಾಡುವವನು ಲಿಂಗಸೂಗೂರು ಕಡೆಯವ, ಐವತ್ತರ ಆಸುಪಾಸು. ನನ್ನ ಕನ್ನಡ ಕೇಳಿ ಹಿಗ್ಗಿ, ಕೈಲಿದ್ದ ಗಾಡಿ ಬಿಟ್ಟು ನನ್ನದಕ್ಕೆ ಬಂದ.

ಡಿಕ್ಕಿಯಿಂದ ಎಂಜಿನ್‌ವರೆಗೆ, ಸೀಟುಗಳ ಅಡಿಯಲ್ಲಿ, ಒಂದೇ ಕೇಬಲ್ ಎಳೆಯಬೇಕು. ಗ್ಯಾರೇಜಿನಲ್ಲಿ ಇದ್ದದ್ದು ತೆಳುವಾದದ್ದು.

“ಇದು ನಡ್ಯಂಗಿಲ್ರಿ ಸರ. ಸ್ಟಾರ್ಟ್ ಹೊಡದ್ರ ಭಾಳ ಕಾಯ್ತೈತಿ. ಹೆಬ್ಬಟ್ಟಿನಷ್ಟು ದಪ್ಪಂದು ಬೇಕು. ತರಾಕ ಒಂದ್ ತಾಸು ಹಿಡೀತೈತಿ.”

ನಾಲ್ಕಕ್ಕೆ ಒಂದು ಸುದ್ದಿಗೋಷ್ಠಿ ಇತ್ತು. ಇದನ್ನೇ ಹಾಕು ಎಂದೆ. ಅವನು ಮತ್ತೊಮ್ಮೆ ಹೇಳಿದ. ನಾನೂ ಮತ್ತೊಮ್ಮೆ ಹೇಳಿದೆ. ಹಾಕಿದ.

ಕೆಲಸ ಮುಗಿಯುವ ಹೊತ್ತಿಗೆ ಮಾಲೀಕ ಊಟ ಮಾಡಿ ಬಂದ. ಅವನ ಗ್ಯಾರೇಜಿನಲ್ಲಿ ಮೀಟರ್ ಇಟ್ಟು ನೋಡುವ ಪದ್ಧತಿಯಿಲ್ಲ. ಕೇಬಲ್ ಆರಿಸಿದವನು ಅದನ್ನು ಬರಿಗೈಯಲ್ಲಿ ಹಿಡಿಯಬೇಕು, ಮಾಲೀಕ ಕೀಲಿ ತಿರುಗಿಸುತ್ತಾನೆ. ಮಧ್ಯೆ ಕೈಬಿಟ್ಟವನು ಅವತ್ತೇ ಕೆಲಸ ಬಿಡಬೇಕು. ಇದನ್ನು ಮಾಲೀಕನೇ ನನಗೆ ಹೆಮ್ಮೆಯಿಂದ ವಿವರಿಸಿದ. ಆಮೇಲೆ ಕೇಬಲ್ ಎತ್ತಿ ತೋರಿಸಿ, “ಯೆ ಕಿಸ್ಕಾ ದಿಮಾಗ್ ಹೈ?” ಎಂದ.

ತಲೆ ನನ್ನದು. ಹಾಗೆಂದು ಹೇಳಿದ್ದರೆ ಗಿರಾಕಿಯ ಕೈಲಿ ಮಾಲೀಕನೇನೂ ಕೇಬಲ್ ಹಿಡಿಸುತ್ತಿರಲಿಲ್ಲ. ನಾಲ್ಕು ಮಾತು ಆಡಿ ಬಿಡುತ್ತಿದ್ದ. ಒಂದು ವಾಕ್ಯ ಸಾಕಿತ್ತು.

ವೈರಿಂಗಿನವನು ನನ್ನನ್ನು ನೋಡಿದ. ನಾನು ಫೋನ್ ನೋಡಿದೆ.

“ಮೈಚ್ ಡಾಲಾ, ಉಸ್ತಾದ್” ಎಂದು ತಪ್ಪನ್ನು ತನ್ನ ಮೇಲೆ ಹಾಕಿಕೊಂಡ.

“ಆವೋ, ಇಂಜಿನಿಯರ್ ಸಾಬ್! ಪಕ್ಡೋ!” ಹಿಡಿ ಎಂದು ಮಾಲೀಕ ಕೇಬಲ್ ತೋರಿಸಿದ.

ಉಳಿದ ಮೆಕ್ಯಾನಿಕ್‌ಗಳು ಪಾನಾ, ಸುತ್ತಿಗೆ ಕೆಳಗಿಟ್ಟು ಬಂದರು. “ದುಲ್ಹೇಮಿಯಾಗೆ ಇವತ್ತು ಮೆಹಂದಿ!” ಎಂದು ಮದುಮಗನನ್ನು ರೇಗಿಸುವಂತೆ ಕೂಗಿದನೊಬ್ಬ. ಎಲ್ಲರೂ ನಕ್ಕರು. ವೈರಿಂಗಿನವನೂ ನಕ್ಕ, ಕೇಬಲ್ ಹಿಡಿದ.

ಎಂಜಿನ್ ಹತ್ತದೆ ಸ್ಟಾರ್ಟರ್ ತಿರುಗುತ್ತಲೇ ಇರುವಂತೆ ಮಾಲೀಕ ಒಂದು ವೈರು ಕಿತ್ತ. ಕೀಲಿ ತಿರುಗಿಸಿ ಹಾಗೇ ಅದುಮಿ ಹಿಡಿದ. ಹತ್ತು ಸೆಕೆಂಡಿಗೆ ನಗು ಹೋಯಿತು. ಇಪ್ಪತ್ತಕ್ಕೆ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು.

“ಛೋಡೋ ನಕ್ಕೋ!” ಬಿಡಬೇಡ ಎಂದು ಮಾಲೀಕ ಕೂಗಿದ.

ಅವನು ಬಿಡಲಿಲ್ಲ. ಬ್ಯಾಟರಿ ಸೋತು ಸ್ಟಾರ್ಟರ್ ತಾನೇ ನಿಂತಾಗ ಕೈ ಬಿಡಿಸಿಕೊಂಡ. ಅಂಗೈಯ ಚರ್ಮ ಒಂದಿಷ್ಟು ಕೇಬಲ್ಲಿಗೇ ಅಂಟಿತ್ತು.

“ನೋಡಿ ಸಾಬ್, ನಿಮ್ಮ ಗಾಡಿ ಉಳಿಸಿದೆ” ಎಂದ ಮಾಲೀಕ, ಹಿಂದಿಯಲ್ಲಿ. ಶುಕ್ರಿಯಾ ಎಂದೆ.

ಅವರೆಲ್ಲ ಚದುರಿದ ಮೇಲೆ ವೈರಿಂಗಿನವನು ಸುಟ್ಟ ಕೈಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಎಡಗೈಯಿಂದ ನಟ್ಟು ಬಿಚ್ಚತೊಡಗಿದ. ನನ್ನ ಕಡೆ ತಿರುಗದೆ ಕೇಳಿದ:

“ದಪ್ಪಂದು ತರ್ಲೇನ್ರಿ ಸರ ಈಗ?”

ತಾ ಎಂದೆ. ಎಷ್ಟು ಹೊತ್ತಾಗುತ್ತದೆ ಎಂದೂ ಕೇಳಿದೆ.