ಆಮೆಯ ಜಾತಿ

ನಾನು, ನನ್ನ ತಂಗಿ ಬೆಳೆದದ್ದು ಕುಣಿಗಲ್ ಕೆರೆಯ ಪಕ್ಕ. ನಮಗೆ ಗೊತ್ತಿದ್ದ ಆಮೆಗಳೆಲ್ಲ ಕೆರೆಯವು. ಹೆಜ್ಜೆ ಸದ್ದಾದರೆ ಬಂಡೆಯಿಂದ ಬುಳಕ್ಕನೆ ನೀರಿಗೆ ಬೀಳುತ್ತಿದ್ದವು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ನನಗೆ ಆಮೆಯ ವಿಷಯದಲ್ಲಿ ಇದ್ದದ್ದು ಅಷ್ಟೇ ವಿದ್ಯೆ. ಆದರೆ ತುಮಕೂರಿನ ಮರಳೂರಿನಲ್ಲಿ ಮನೆ ಮುಂದೆ ಮಿಕ್ಸಿ ರಿಪೇರಿ ಅಂಗಡಿ ಇಟ್ಟ ಮೇಲೆ, ಸದ್ದು ಕೇಳಿಯೇ ಕಾಯಿಲೆ ಹೇಳುವವನು ಎಂಬ ಹೆಸರು ಬಂತು. ಅಂಥ ಹೆಸರು ಬಂದವನಿಗೆ 'ಗೊತ್ತಿಲ್ಲ' ಎಂಬ ಮಾತು ಮರೆತೇ ಹೋಗುತ್ತದೆ.

ಹೋದ ಬೇಸಿಗೆಯಲ್ಲಿ, ಗುಬ್ಬಿಗೆ ಮದುವೆಯಾಗಿ ಹೋದ ತಂಗಿ ಚಪ್ಪಲಿ ಡಬ್ಬವೊಂದನ್ನು ಹಿಡಿದು ಬಂದಳು. ಒಳಗೆ ನಿಂಬೆಹಣ್ಣಿನಷ್ಟು ಆಮೆಮರಿ, ಬೆನ್ನ ಮೇಲೆಲ್ಲ ಹಳದಿ ಗೀಟು. ಬಿದರೆಹಳ್ಳಿ ಕಾವಲ್ ರಸ್ತೆಯಲ್ಲಿ ನಾಯಿಯ ಬಾಯಿಂದ ಬಿಡಿಸಿದ್ದಳಂತೆ. ಅವಳು ಫೋನ್ ಮಾಡಿದ್ದಕ್ಕೆ ಅರಣ್ಯ ಇಲಾಖೆಯವರು ಸಂಜೆ ನನ್ನ ಅಂಗಡಿಗೇ ಬರುವುದಾಗಿ ಹೇಳಿದ್ದರು. ಅಲ್ಲಿಯವರೆಗೆ ಅದನ್ನು ನೀರಿನಲ್ಲಿಡಬೇಕೋ ಮಣ್ಣಿನಲ್ಲಿಡಬೇಕೋ ಎಂಬುದು ಅವಳ ಚಿಂತೆ. "ಇದ್ಯಾವ ಜಾತಿ ಅಣ್ಣ?" ಎಂದು ಕೇಳಿದಳು.

ಜಾತಿ ಎಂದರೆ ನಮ್ಮ ಬೀದಿಯಲ್ಲಿ ಯಾರೂ ಸುಮ್ಮನಿರುವುದಿಲ್ಲ. ಟೀ ಅಂಗಡಿಯಲ್ಲಿ ಕೂತವರೆಲ್ಲ ಎದ್ದು ಬಂದರು. ಒಬ್ಬರು ಉಗುರು ಎಣಿಸುತ್ತ, ಇಪ್ಪತ್ತಿದ್ದರೆ ಮನೆಗೆ ನಿಧಿ ಬರುತ್ತದೆ ಎಂದರು. ಇನ್ನೊಬ್ಬರು ಹಳದಿ ಗೀಟನ್ನು ವಿಭೂತಿ ಎಂದು ತೀರ್ಮಾನಿಸಿ, ಇದು ನಮ್ಮವರ ಪೈಕಿಯೇ ಎಂದರು. ಎದುರಿನ ಹಣ್ಣಿನಂಗಡಿಯ ಭಾಯಿ ಮಾತ್ರ ನಕ್ಕು, "ಹಂಗಾದ್ರೆ ತಾಲೂಕು ಆಫೀಸಲ್ಲಿ ಒಂದು ಸರ್ಟಿಫಿಕೇಟ್ ಮಾಡ್ಸ್ಬುಡಿ" ಎಂದರು.

ತಂಗಿ ಮೆಲ್ಲಗೆ, "ಕಾಲು ನೋಡಣ್ಣ. ಬೆರಳ ಮಧ್ಯೆ ಪೊರೆನೇ ಇಲ್ಲ, ಕಂಬದ ಥರ ಇದೆ. ನೀರಿಗೆ ಬಿಡ್ಬೇಡ" ಎಂದಳು.

"ಕೆರೆ ದಡದಲ್ಲಿ ಬೆಳ್ದವ್ನಿಗೆ ಆಮೆ ಪಾಠ ಮಾಡ್ತೀಯೇನೇ? ಒಳಗೋಗಿ ಊಟ ಮಾಡು."

ಅವಳು ಒಳಗೆ ಹೋದದ್ದೇ ಮರಿಯನ್ನು ಕೈ ತೊಳೆಯುವ ನೀರಿನ ಬಕೆಟ್ಟಿಗೆ ಬಿಟ್ಟೆ. ಅದು ನಾಲ್ಕೂ ಕಾಲು ಬಡಿಯಿತು. ಈಜುತ್ತಿದೆ ಎಂದೆ ನಾನು, ಪಂಡಿತರೆಲ್ಲ ತಲೆಯಾಡಿಸಿದರು. ಅಷ್ಟರಲ್ಲಿ ಗಿರಾಕಿಯೊಬ್ಬರು ಮಿಕ್ಸಿ ತಂದರು. ಅದರ ಸದ್ದು ಕೇಳಿ, ಕಾಯಿಲೆ ಹೇಳಿ ತಿರುಗಿ ನೋಡಿದರೆ ಮರಿ ಬಕೆಟ್ಟಿನ ತಳದಲ್ಲಿತ್ತು.

ಕೈ ತೊಳೆಯಲು ಬಂದ ತಂಗಿ ಅದನ್ನು ಎತ್ತಿ ತಲೆಕೆಳಗಾಗಿ ಹಿಡಿದಳು. ಮೂಗಿನಿಂದ ನೀರು ತೊಟ್ಟಿಕ್ಕಿತು. ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲ ಮೇಲೆ ಕೂತಳು. ತುಂಬ ಹೊತ್ತಾದ ಮೇಲೆ ಮರಿಯ ಒಂದು ಕಾಲು ಅಲುಗಿತು.

ಸಂಜೆ ಬಂದ ಇಲಾಖೆಯವರು ಒಮ್ಮೆ ನೋಡಿ, ನಕ್ಷತ್ರ ಆಮೆ, ಒಣನೆಲದ್ದು, ಈಜು ಬಾರದು ಎಂದರು. ಮೂಗಿನಲ್ಲಿ ಇನ್ನೂ ಗುಳ್ಳೆ ಏಳುತ್ತಿದ್ದುದನ್ನು ಕಂಡು, "ನೀರಿಗೆ ಬಿಟ್ಟಿದ್ಯಾರು?" ಎಂದು ಕೇಳಿದರು.

ಬೀದಿಯಲ್ಲಿ ಒಬ್ಬ ಪಂಡಿತನೂ ಉಳಿದಿರಲಿಲ್ಲ. "ನಮ್ ತಂಗಿ ಸಾರ್," ಎಂದೆ. "ಅವ್ಳಿಗೇನೂ ಗೊತ್ತಾಗಲ್ಲ."

ತಂಗಿ ನನ್ನನ್ನೊಮ್ಮೆ ನೋಡಿದಳು. ನನ್ನ ಪಾಲಿನ ಬೈಗುಳವನ್ನೆಲ್ಲ ನಿಂತು ಕೇಳಿಸಿಕೊಂಡು, ಬದುಕುತ್ತದೆಯೇ ಎಂದಷ್ಟೇ ಕೇಳಿದಳು.

ಬದುಕಿತು. ಬಿದರೆಹಳ್ಳಿ ಕಾವಲಿನ ಕುರುಚಲು ಕಾಡಿಗೇ ಬಿಟ್ಟರಂತೆ. ಆ ಸುದ್ದಿ ಹೇಳಲು ಅವಳು ಫೋನ್ ಮಾಡಿದಾಗ, ತಪ್ಪಾಯಿತು ಎನ್ನುವುದನ್ನು ಬಿಟ್ಟು ಅವಳ ಮನೆಯ ಮಿಕ್ಸಿ ಹೇಗಿದೆ ಎಂದು ವಿಚಾರಿಸಿದೆ.

ಈಗಲೂ ಬಂದಾಗಲೆಲ್ಲ ಬಕೆಟ್ಟಿಗೆ ಚೊಂಬು ಅದ್ದುವ ಮೊದಲು ಬಗ್ಗಿ ನೋಡುತ್ತಾಳೆ. ಏನು ನೋಡುತ್ತೀಯೆಂದು ನನ್ನ ಹೆಂಡತಿ ಕೇಳಿದರೆ, "ಏನಿಲ್ಲ ಅತ್ತಿಗೆ, ನಂಗೇನೂ ಗೊತ್ತಾಗಲ್ಲ ಅಲ್ವಾ?" ಎನ್ನುತ್ತಾಳೆ.

ನಾನು ಕೈಗೆ ಸಿಕ್ಕ ಮಿಕ್ಸಿಯನ್ನು ಜೋರಾಗಿ ಓಡಿಸುತ್ತೇನೆ.