ಎದುರು ಬೇಡ ಎಂದವರ ಸುರಂಗ

ಮದರಾಸಿನಲ್ಲಿ ಭೂವಿಜ್ಞಾನ ಓದಿ, ಸಂಶೋಧನೆಗೆಂದು ಅಲ್ಲೇ ನಿಂತಿದ್ದ ಕಾಲದಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೇಸಗೆ ರಜೆಗೆ ಕುಂಬಳೆಯಲ್ಲಿ ರೈಲಿಳಿದು ಬೆಳ್ಳೂರಿನ ಮನೆಗೆ ಬಂದರೆ, ಹಿತ್ತಿಲ ಗುಡ್ಡಕ್ಕೆ ಸುರಂಗ ಕೊರೆಸುವ ಕೆಲಸ ನಡೆದಿತ್ತು. ನಮ್ಮ ಕಡೆ ನೀರಿಗೆ ಬಾವಿ ತೋಡುವ ಬದಲು ಗುಡ್ಡದೊಳಕ್ಕೆ ಅಡ್ಡಲಾಗಿ, ಒಬ್ಬ ಆಳು ಬಗ್ಗಿ ನಡೆಯುವಷ್ಟು ದಾರಿ ಕೊರೆಯುವ ರೂಢಿ. ನನಗೆ ಖುಷಿಯೋ ಖುಷಿ. ಪ್ರಬಂಧಕ್ಕೆ ಬೇಕಾದದ್ದು ಮನೆಬಾಗಿಲಿಗೇ ಬಂದಿತ್ತು.

ಕೊರೆಯುವವರು ಒಬ್ಬರೇ, ಅಪ್ಪನಷ್ಟೇ ಪ್ರಾಯದ ತುಳುವರು. ಅಪ್ಪ ಶಾಲೆಯ ಮಾಷ್ಟ್ರು, ಹಾಗಾಗಿ ನನ್ನನ್ನು ಸಣ್ಣ ಮಾಷ್ಟ್ರು ಎನ್ನುತ್ತಿದ್ದರು. ನಾನು ಅವರನ್ನು ನೀನು ಎನ್ನುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ದಿನಕ್ಕೆ ಹತ್ತು ಸಲ ಒಳಹೋಗಿ ಟೇಪು ಹಿಡಿಯುವುದು, ಗೋಡೆ ಕೆರೆದು ಮಣ್ಣನ್ನು ಪೊಟ್ಟಣ ಕಟ್ಟುವುದು, ಹೊರಬಂದು ಚಿತ್ರ ಬರೆಯುವುದು, ಅಳಿಸುವುದು. ಅವರ ಕೆಲಸಕ್ಕೆ ನನ್ನಿಂದ ಆದದ್ದು ಅಡ್ಡಿಯೇ.

ಇಪ್ಪತ್ತೆರಡು ಕೋಲು ಕೊರೆದರೂ ಗೋಡೆ ಒಣಗಿಯೇ ಇತ್ತು. ಕೋಲೆಂದರೆ ಎರಡೂವರೆ ಅಡಿಯ ಹತ್ತಿರ. ಅಂದು ಬೆಳಿಗ್ಗೆ ಅವರು ಪಿಕ್ಕಾಸಿನ ಹಿಡಿಯಿಂದ ಎದುರಿನ ಗೋಡೆಗೆ ಬಡಿದರು, ಕಿವಿಯಿಟ್ಟು ಕೇಳಿದರು, ಮತ್ತೆ ಎಡಕ್ಕೆ ಬಡಿದರು. ಹೊರಗೆ ಬಂದು ಅಂಗಳದಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡರು.

“ಎದುರು ಬೇಡ. ಎಡಕ್ಕೆ ತಿರುಗಿಸುವ. ನಾಲ್ಕು ಕೋಲಲ್ಲಿ ನೀರು ಉಂಟು.”

“ಎದುರು ಯಾಕೆ ಬೇಡ?” ಎಂದೆ.

“ಶಬ್ದ ಸರಿ ಇಲ್ಲ.”

“ಸರಿ ಇಲ್ಲ ಅಂದರೆ ಎಂತ? ಕಾರಣ ಹೇಳು.”

“ಕಾರಣ ಎಂತ ಹೇಳುವುದು ಸಣ್ಣ ಮಾಷ್ಟ್ರೇ? ಸರಿ ಇಲ್ಲ, ಅಷ್ಟೆ.”

ನನ್ನ ಬಳಿ ಕಾರಣವಿತ್ತು. ಮಳೆನೀರು ಮುರಕಲ್ಲಿನ, ಅಂದರೆ ನಮ್ಮ ಗುಡ್ಡದ ಕೆಂಪು ಜಂಬಿಟ್ಟಿಗೆ ಕಲ್ಲಿನ, ತೂತುಗಳಲ್ಲಿ ಇಳಿದು, ಕೆಳಗಿನ ಬಿಳಿ ಜೇಡಿಮಣ್ಣಿಗೆ ತಾಗಿ ನಿಲ್ಲುತ್ತದೆ. ಜೇಡಿ ಗುಡ್ಡದ ಒಳಮುಖಕ್ಕೆ ವಾಲಿದೆ. ಆದ್ದರಿಂದ ನೀರು ಎದುರಿಗೇ ಇರಬೇಕು. ಚಿತ್ರ ತೋರಿಸಿ ಅಪ್ಪನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅಪ್ಪನಿಗೆ ಹೆಮ್ಮೆಯಾಯಿತು. ಮಾಷ್ಟ್ರ ಮನೆಯಲ್ಲಿ ಕಾರಣ ಬರೆಯದ ಉತ್ತರಕ್ಕೆ ಮಾರ್ಕು ಸಿಗುವುದುಂಟೇ? “ಎದುರೇ ಹೋಗಲಿ” ಎಂದರು ಅಪ್ಪ. ಕೊರೆಯುವವರು ಇನ್ನೊಮ್ಮೆ ಬೇಡ ಎನ್ನಲಿಲ್ಲ. ಎಲೆ ಉಗಿದು, ಪಿಕ್ಕಾಸು ಎತ್ತಿಕೊಂಡು ಒಳಗೆ ಹೋದರು. ಅಂದು ನಾನು ಅವರ ಹಿಂದೆ ಹೋಗದೆ ಹೊರಗೇ ಅತ್ತಿಂದಿತ್ತ ತಿರುಗುತ್ತಿದ್ದೆ. ಯಾಕೆಂದು ಕೇಳಿದರೆ ಇಂದಿಗೂ ಹೇಳಲಾರೆ.

ಮಧ್ಯಾಹ್ನದ ಊಟಕ್ಕೆ ಮೊದಲೇ ಸುರಂಗದ ಮಾಡು ಕುಸಿಯಿತು. ಅಪ್ಪನೂ ನಾನೂ ನೆರೆಯವರೂ ಸೇರಿ ಕೈಯಲ್ಲೇ ಮಣ್ಣು ಬಗೆದು ಅವರನ್ನು ಎಳೆದೆವು. ಜೀವ ಉಳಿಯಿತು. ಬಲ ಮೊಣಕಾಲು ಪುಡಿಯಾಗಿತ್ತು.

ಕುಸಿದದ್ದು ಯಾಕೆಂದು ಎರಡೇ ದಿನದಲ್ಲಿ ಕಂಡುಹಿಡಿದೆ. ಎದುರಿಗೆ ಮುರಕಲ್ಲು ತೆಳುವಾಗಿ, ಮೆತ್ತನೆಯ ಜೇಡಿ ಮೇಲಕ್ಕೆ ಉಬ್ಬಿ ಬಂದಿತ್ತು. ಭಾರ ಹೊರಲು ಅಲ್ಲಿ ಗಟ್ಟಿ ಕಲ್ಲೇ ಇರಲಿಲ್ಲ. ಅಷ್ಟು ಚೆನ್ನಾಗಿ ನನಗೆ ಯಾವ ವಿಷಯವೂ ಹಿಂದೆ ಅರ್ಥವಾಗಿರಲಿಲ್ಲ. ತಡೆಯಲಾರದೆ ಅವರ ಮನೆಗೆ ಹೋದೆ. ಚಾಪೆಯ ಪಕ್ಕ ಕೂತು, ಸಗಣಿ ಸಾರಿಸಿದ ನೆಲದಲ್ಲಿ ಸೀಮೆಸುಣ್ಣದಿಂದ ಪದರ ಪದರವಾಗಿ ಬರೆದು ತೋರಿಸಿದೆ. ತಪ್ಪಾಯಿತು ಎನ್ನಲು ಹೋದವನು ಪಾಠ ಮಾಡಿದೆ. ಅವರು ಕತ್ತೆತ್ತಿ ನೋಡಿ, “ಹೌದು, ಹಾಗೆಯೇ ಕೇಳುತ್ತಿತ್ತು” ಎಂದರು.

ಅವರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. “ಇಷ್ಟೆಲ್ಲ ಗೊತ್ತಿರುವವರು ಮೊನ್ನೆಯೇ ಹೇಳಬಹುದಿತ್ತಲ್ಲ?”

ನಾನು ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡೆ.

“ಬಿಡು ಮಾರಾಯ್ತಿ,” ಎಂದರು ಅವರು. “ಓದಿದವರಿಗೆ ಬಿದ್ದ ಮೇಲೆ ಗೊತ್ತಾಗುವುದು. ಅವರ ವಿದ್ಯೆ ಹಾಗೆ.”

ಅದರಲ್ಲಿ ಕುಟುಕು ಇರಲಿಲ್ಲ. ಹೆಂಡತಿಯ ಮಾತಿನಿಂದ ನನ್ನನ್ನು ಕಾಪಾಡಲೆಂದೇ ಹೇಳಿದ್ದರು. ಅವರು ಮತ್ತೆ ಯಾವ ಸುರಂಗಕ್ಕೂ ಹೋಗಲಿಲ್ಲ. ಎಡಕ್ಕೆ ತಿರುಗಿಸಿದ ಬೇರೆ ಆಳಿಗೆ ಆರು ಕೋಲಿನಲ್ಲಿ ನೀರು ಸಿಕ್ಕಿತು. ತಿಳಿಸಲೆಂದು ಅವರ ಮನೆಯವರೆಗೂ ಹೋದೆ. ಅವರು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಅಂಗಳಕ್ಕೆ ಕಾಲಿಡಲಾಗದೆ ಹಾಗೇ ತಿರುಗಿ ಬಂದೆ.