ಅಪ್ಪ ಕೂಡಿಸಿದ ಜೀಪು

ನನ್ನ ಮದುವಿ ಹೆಂಗಾತು ಅಂತ ಯಾರರ ಕೇಳಿದ್ರ ನಾ ಮೊದಲು ಜೀಪಿನ ಸುದ್ದಿ ಹೇಳತೀನಿ, ಆಮ್ಯಾಲ ಗಂಡನ ಸುದ್ದಿ. ನಮ್ಮ ಮನಿಯವ್ರಿಗೆ ಇದು ಇವತ್ತಿಗೂ ಸೇರಂಗಿಲ್ಲ. ಸೇರದಿದ್ರ ಬಿಡ್ಲಿ. ಆ ದಿನ ಅವರು ಒಂದರ ಮಾತಾಡಿದ್ರ ಅವರ ಸುದ್ದಿನ ಮೊದಲು ಹೇಳತಿದ್ದೆ.

ನಮ್ಮಪ್ಪ ಸಿಂಧನೂರಾಗ ಮೆಕ್ಯಾನಿಕ್. ಗ್ಯಾರೇಜು ಅಂದ್ರ ದೊಡ್ಡ ಶೆಡ್ಡು ಗಿಡ್ಡು ಅಂದ್ಕೋಬ್ಯಾಡ್ರಿ. ಮನಿ ಮುಂದಿನ ಅಂಗಳ, ಅಂಗಳದಾಗ ಒಂದು ಬೇವಿನ ಗಿಡ, ಗಿಡದ ಟೊಂಗಿಗೆ ಕಟ್ಟಿದ ಚೈನು-ರಾಟಿ, ಇಷ್ಟ. ಆ ರಾಟಿಲೆ ಎಂಜಿನ್ ಎತ್ತೋದು, ಇಳಸೋದು. ಅದು ಎಂಬತ್ತರ ದಶಕದ ಕೊನಿ. ಕಾಲುವಿ ನೀರಿಗೆ ನೆಲ್ಲು ಬೆಳೆದು ಊರು ಜೋರಾಗಿತ್ತು, ಎಲ್ಲಾರಿಗೂ ಒಂದೊಂದು ಜೀಪು ಬೇಕು. ಆದ್ರ ಸಿಗೋ ಹಳೇ ಜೀಪೆಲ್ಲಾ ಪೆಟ್ರೋಲಿನವು, ಎತ್ತು ನೀರು ಕುಡಿದಂಗ ಕುಡಿತಿದ್ವು. ಅದಕ ಅಪ್ಪನ ಕಡೆ ತಂದು ನಿಲ್ಲಸೋರು, ಇದರ ಎಂಜಿನ್ ತಗದು ಡೀಸೆಲ್ಲಿಂದು ಕೂಡಿಸು ಅಂತ. ಗುಜರಿಗೆ ಬಿದ್ದ ವ್ಯಾನಿನ ಎಂಜಿನ್ ತಂದು ಅಪ್ಪ ಜೀಪಿಗೆ ಕೂಡಿಸ್ತಿದ್ದ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ಹೊಂದಿಕಿ ಆಗ್ಲಿಲ್ಲಂದ್ರ ನಡುವ ಒಂದು ದಪ್ಪ ತಗಡು ಕೊಯ್ಸಿ, ತೂತು ಹೊಡೆದು, ಬೋಲ್ಟ್ ಬಿಗಿದು ಎರಡನ್ನೂ ಒಂದು ಮಾಡ್ತಿದ್ದ. ತುರ್ವಿಹಾಳ, ವಳಕಮದಿನ್ನಿ ಕಡಿಂದ ಬಂದವ್ರು ನಮ್ಮ ಕಟ್ಟಿ ಮ್ಯಾಲ ಕುಂತು, ಈ ಮನಷ್ಯಾ ಒಂದರ ಕರಳು ತಗದು ಇನ್ನೊಂದಕ್ಕ ಹಾಕ್ತಾನ ನೋಡು ಅಂತ ಮಾತಾಡೋರು.

ನಾ ಒಬ್ಬಾಕಿನ ಮಗಳು. ಸಾಲಿ ಬಿಟ್ಟು ಬಂದ ಕೂಡ್ಲೆ ಅಪ್ಪಗ ಪಾನಾ, ಬೋಲ್ಟು ಕೊಡಾಕ ಕುಂದ್ರತಿದ್ದೆ. ಗಾಡಿ ಕೆಳಗಿಂದ ಕೈಯೊಂದು ಹೊರಗ ಬರ್ತಿತ್ತು, ಅದರಾಗ ಬೇಕಾದ್ದು ಇಡೋದು. ಖರೆ ಹೇಳ್ಬೇಕಂದ್ರ ಅಪ್ಪನ ಮಾರಿ ನೋಡಿದ್ದಕ್ಕಿಂತ ಗಾಡಿ ಕೆಳಗಿಂದ ಚಾಚಿದ ಅವನ ಕಾಲು ನೋಡಿದ್ದ ಹೆಚ್ಚು. ಅವ್ವ ಬೈತಿದ್ಲು, ಹೆಣ್ಣುಡುಗಿ ಕೈಗೆ ಮೆಹಂದಿ ಹಚ್ಚಬೇಕೊ ಗ್ರೀಸ್ ಹಚ್ಚಬೇಕೊ ಅಂತ. ಅಪ್ಪ ಗಾಡಿ ಕೆಳಗಿಂದನ ನಗತಿದ್ದ.

ನನ್ನ ಕೊಟ್ಟಿದ್ದು ಲಿಂಗಸೂಗೂರಿಗೆ. ಹುಡುಗಂದು ಕಿರಾಣಿ ಅಂಗಡಿ, ಮನಿತನ ಚಲೋ. ಆದ್ರ ನಮ್ಮ ಮಾವ ಶಕುನದ ಮನಷ್ಯಾ. ಯಾರರ ಸೀನಿದ್ರ ಎದ್ದಾಂವ ಕುಂದ್ರೋನು, ಬೆಕ್ಕು ಅಡ್ಡ ಬಂದ್ರ ಮನಿಗೆ ತಿರುಗಿ ಹೋಗಿ ನೀರು ಕುಡಿದು ಬರೋನು. ನಿಶ್ಚಯದ ದಿನ ಎಲೆ ಅಡಿಕಿ ಹಿಡ್ಕೊಂಡು ಒಂದು ಮಾತು ಹಾಕಿದ. ಅವರ ಮನಿತನದಾಗ ಸೊಸಿ ಕುಂತ ಗಾಡಿ ಹಿಂದಕ ಸರೀಬಾರದಂತ. ಸರಿದ್ರ ಆ ಹುಡುಗಿ ಬಾಳೇವು ಮಾಡದ ತೌರಿಗೆ ತಿರುಗಿ ಬರ್ತಾಳಂತ. ಅಪ್ಪ ನಕ್ಕೊಂತ, ನಾನ ಕೂಡಿಸಿದ ಗಾಡಿಯಾಗ ನಾನ ಕರ್ಕೊಂಡು ಬರ್ತೀನಿ ಬೀಗ್ರ, ಅದ್ಯಾಕ ಹಿಂದ ಸರಿತೈತಿ ಅಂದ.

ಅಪ್ಪ ಆ ಜೀಪು ನನ್ನ ಮದುವಿ ಸಲುವಾಗೇ ಶುರು ಮಾಡಿದ್ದ. ಬಾಡಿ ಹರಾಜಿನಾಗ ಹಿಡಿದ ಜೀಪಿಂದು. ಎಂಜಿನ್ ಒಂದು ಡೀಸೆಲ್ ವ್ಯಾನಿಂದು. ಗೇರ್ ಬಾಕ್ಸ್ ಮತ್ತೊಂದು ಜೀಪಿಂದು. ಕಡೀಕ ಉಳಿದಿದ್ದು ಹಿಂದಿನ ಹೌಸಿಂಗು, ಅಂದ್ರ ಎರಡು ಗಾಲಿ ನಡುವ ಗಡಿಗಿಯಂಗ ಇರತೈತಲ್ಲ, ಎಂಜಿನ್ ತಿರುಗಿದ್ದನ್ನ ಗಾಲಿಗೆ ಮುಟ್ಟಸೋದು, ಅದು. ಅದು ಸಿಕ್ಕಿದ್ದು ಕಾಲುವಿಗೆ ಬಿದ್ದಿದ್ದ ಬ್ಯಾರೆ ಒಂದು ಗಾಡಿಂದು. ಅದಕ್ಕ ಸ್ಪ್ರಿಂಗ್ ಪಟ್ಟಿ ಬಿಗಿಯೋ ಜಾಗ ಮ್ಯಾಲ ಇತ್ತು, ನಮ್ಮದಕ್ಕ ಕೆಳಗ ಬೇಕಾಗಿತ್ತು. ಅಪ್ಪ ಅದನ್ನ ತಲಿ ಕೆಳಗ ಮಾಡಿ ತಿರುವಿ ಹಾಕಿದ. ಬರೋಬ್ಬರಿ ಕುಂತ್ಕೊಂತು. ಅಷ್ಟೊತ್ತಿಗೆ ಅಂಗಳದಾಗ ಹಂದರ ಹಾಕಾಕತ್ತಿದ್ರು.

ಮದುವಿ ಹಿಂದಿನ ದಿನ ಹಿಂದಿನ ಗಾಲಿ ಎರಡೂ ಇಟ್ಟಂಗಿ ಮ್ಯಾಲ ಎತ್ತಿ ಎಂಜಿನ್ ಹಚ್ಚಿದ. ಒಂದನೇ ಗೇರು, ಎರಡನೇ ಗೇರು, ಮೂರನೇದು, ಗಾಲಿ ಭರಭರ ತಿರುಗಿದ್ವು. ನೆರೆದ ಮಂದಿಯೆಲ್ಲಾ ವಾ ವಾ ಅಂದ್ರು, ಅರಿಷಿಣ ಮೈಯಾಗ ನಾನೂ ಬಾಗಲದಾಗ ನಿಂತು ನೋಡಿದೆ. ಗಾಲಿ ತಿರುಗಿದ್ದನ್ನ ಎಲ್ಲಾರೂ ನೋಡಿದ್ವಿ. ಯಾವ ಕಡೆ ತಿರುಗಾಕತ್ತಾವು ಅಂತ ಒಬ್ಬರೂ ನೋಡ್ಲಿಲ್ಲ. ಹೊರಗ ಒಂದು ಸುತ್ತು ಓಡಿಸಿ ಬಾ ಅಂತ ಅವ್ವ ಹೇಳಿದ್ಲು. ಅಪ್ಪಗ ಒಂದ ಹಟ, ಇದರಾಗ ಮೊದಲು ಕುಂತು ಹೋಗಾಕಿ ನನ್ನ ಮಗಳು, ಅಲ್ಲಿ ತನಕ ಇದು ನೆಲದ ಮ್ಯಾಲ ಉರುಳಂಗಿಲ್ಲ ಅಂದುಬಿಟ್ಟ.

ಅಕ್ಕಿಕಾಳು ಬಿತ್ತು, ಊಟ ಆತು, ಮರುದಿನ ಮುಂಜಾನೆ ನನ್ನ ಕಳಸೋ ಹೊತ್ತು. ಉಡಿ ತುಂಬಿದ್ರು. ಇಟ್ಟಂಗಿ ತಗದು ಇಳಿಸಿದ್ದ ಜೀಪಿನ ಮೂಗು ರೋಡಿನ ಕಡೆ, ಬೆನ್ನು ಹಂದರದ ಕಡೆ. ಅಪ್ಪ ಬಿಳಿ ಧೋತರ, ಹೊಸ ಅಂಗಿ ಹಾಕ್ಕೊಂಡು ಡ್ರೈವರ್ ಸೀಟಿನಾಗ, ಬಾಜೂಕ ಮಾವ. ಹಿಂದ ನಾನು, ಅತ್ತಿ, ನಮ್ಮ ಮನಿಯವ್ರು. ಉಳಿದ ಮಂದಿ ಬಸ್ಸಿಗೆ ಹೋಗೋದು. ಗಾಲಿ ಮುಂದ ಲಿಂಬಿಹಣ್ಣು ಇಟ್ರು, ಕಾಯಿ ಒಡದ್ರು, ಅವ್ವ ಸೆರಗು ಬಾಯಿಗೆ ಇಟ್ಕೊಂಡು ಅಳಾಕ ಶುರು ಮಾಡಿದ್ಲು. ಅಪ್ಪ ಕೈ ಮುಗಿದು ಒಂದನೇ ಗೇರು ಹಾಕಿ ಕ್ಲಚ್ ಬಿಟ್ಟ.

ಜೀಪು ಹಿಂದಕ ಹೋತು.

ಸುಮ್ನ ಸರೀಲಿಲ್ರಿ, ಜಿಗಿದು ಹೋತು. ಹಂದರದ ಕಂಬಕ್ಕ ಬಡಿದು, ಕಂಬ ಮುರಿದು, ತೋರಣ ತೆಂಗಿನ ಗರಿ ಎಲ್ಲಾ ನಮ್ಮ ಮ್ಯಾಲ ಬಿತ್ತು. ಮಂದಿ ಬಾಯಿ ತೆರೆದಿದ್ದು ತೆರೆದಂಗ, ಅವ್ವನ ಅಳು ಅಲ್ಲೇ ನಿಂತು. ಲಿಂಬಿಹಣ್ಣು ಎರಡೂ ಹಂಗ ಇದ್ವು. ಅಪ್ಪ ನಂಬ್ಲಿಲ್ಲ. ಗೇರು ತಪ್ಪಿ ಬಿದ್ದಿರಬೇಕು ಅಂದ್ಕೊಂಡು ಮತ್ತ ಒಂದನೇದು ಹಾಕಿದ. ಮತ್ತ ಹಿಂದಕ.

ಮಾವ ಇಳಿದ. ಮಾರಿ ಬೂದಿ ಬಣ್ಣ ಆಗಿತ್ತು. ಸಿಟ್ಟು ಮಾಡಿದ್ರ ಪಾಡಿತ್ತು, ಆದ್ರ ಭಾಳ ತಣ್ಣಗ ಮಾತಾಡಿದ. ಇವತ್ತು ಹುಡುಗಿ ಇಲ್ಲೇ ಇರ್ಲಿ, ಹಿರೇರನ್ನ ಕೇಳಿ ಚಲೋ ದಿನ ನೋಡಿ ಹೇಳಿ ಕಳಸ್ತೀವಿ ಅಂದ. ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲಾರಿಗೂ ಗೊತ್ತಿತ್ತು. ತಾಳಿ ಕಟ್ಟಿಸಿಕೊಂಡು ತೌರಾಗ ಉಳಿದಾಕಿಗೆ ಹೇಳಿ ಕಳಸೋರು ಯಾರು? ನಮ್ಮ ಓಣ್ಯಾಗ ಅಂಥಾಕಿ ಒಬ್ಬಾಕಿ ಇದ್ಲು, ಆಕಿ ತಲಿ ಬೆಳ್ಳಗಾದ್ರೂ ಹೇಳಿ ಕಳಿಸಿರ್ಲಿಲ್ಲ. ನಾ ನಮ್ಮ ಮನಿಯವ್ರ ಕಡೆ ನೋಡಿದೆ. ಅವರು ತಮ್ಮ ಹೊಸ ಚಪ್ಪಲಿ ನೋಡ್ಕೊಂತ ಕುಂತಿದ್ರು. ಅಪ್ಪ ಸ್ಟೇರಿಂಗ್ ಹಿಡಿದು ಕಲ್ಲಾಗಿದ್ದ. ಅಷ್ಟು ಎಂಜಿನ್ ಎತ್ತಿ ಇಳಿಸಿದ ಮನಷ್ಯಾಗ ಆ ಗಳಿಗ್ಯಾಗ ಏನೂ ಹೊಳೀಲಿಲ್ಲ.

ನನಗ ಹೊಳೀತು. ಆ ಹೌಸಿಂಗ್ ತಿರುವಿ ಹಾಕುವಾಗ ಕೆಳಗ ಬೋಲ್ಟ್ ಕೊಟ್ಟಾಕಿ ನಾನ. ತಲಿ ಕೆಳಗಾದ ಮ್ಯಾಲ ಅದರೊಳಗಿನ ಹಲ್ಲೂ ಉಲ್ಟಾ ತಿರುಗೋವ. ಹಂಗಾದ್ರ ಮುಂದ ಹೋಗೋ ಗೇರೆಲ್ಲಾ ಹಿಂದಕ, ಹಿಂದ ಹೋಗೋದು ಒಂದ ಮುಂದಕ. ಮದುಮಗಳು ಬಾಯಿ ಬಿಡಬಾರದು ಅಂತ ಅವ್ವ ವಾರಗಟ್ಟಲೆ ಕಲಿಸಿದ್ದು ಒಂದ ಕ್ಷಣದಾಗ ಗಾಳಿಗೆ ಹೋತು.

"ಅಪ್ಪಾ, ಹೌಸಿಂಗ್ ಉಲ್ಟಾ ಕುಂತೈತಿ. ರಿವರ್ಸ್ ಹಾಕು."

ಜೀಪು ಹಿಂದ ಹೋದಾಗ ಮಂದಿ ಹೆದರಿದ್ರು ನೋಡ್ರಿ, ಅದಕಿಂತ ಹೆಚ್ಚು ಈಗ ಹೆದರಿದ್ರು. ತಲಿ ಮ್ಯಾಲ ಬಾಸಿಂಗದ ಗುರುತಿನ್ನೂ ಹೋಗಿಲ್ಲ, ಹುಡುಗಿ ಬೀಗರ ಎದುರಿಗೆ ಗೇರಿನ ಸುದ್ದಿ ಮಾತಾಡ್ತಾಳ. ಯಾವಳೋ ಒಬ್ಬಾಕಿ, ಅಯ್ಯ ಇದರ ಬಾಯಿ ಬಿದ್ದುಹೋಗ್ಲಿ ಅಂದಿದ್ದು ನನ್ನ ಕಿವಿಗೇ ಬಿತ್ತು. ಅಪ್ಪ ಇಳಿದು, ಬಿಳಿ ಧೋತರದಾಗ ಹಂಗ ಮಣ್ಣಾಗ ಮಲಗಿ ಜೀಪಿನ ಕೆಳಗ ಹೋದ. ಕಾಲಷ್ಟ ಕಾಣತಿದ್ವು. ಭಾಳ ಹೊತ್ತು ಬರ್ಲಿಲ್ಲ. ಹೊರಗ ಬಂದಾಗ ಧೋತರ ಎಲ್ಲಾ ಗ್ರೀಸು, ನನ್ನ ಕಡೆ ನೋಡ್ಲಿಲ್ಲ. ಸೀಟಿನಾಗ ಕುಂತು ರಿವರ್ಸ್ ಗೇರು ಹಾಕಿದ. ಜೀಪು ಗೊರ್ ಅಂತ ಒದರಿಕೋತ ಲಿಂಬಿಹಣ್ಣು ತುಳಿದು ಮುಂದಕ ಬಂತು.

ಮಾವ ಮಾತ್ರ ಅಲುಗ್ಲಿಲ್ಲ. ಈಗ ಮುಂದ ಬಂದ್ರೇನು, ಸೊಸಿ ಕುಂತಾಗ ಹಿಂದ ಹೋಗಿದ್ದು ಹೋತಲ್ಲ ಅಂದ. ಆಗ, ಅಲ್ಲಿ ತನಕ ತುಟಿ ಪಿಟಕ್ ಅನ್ನದ ನಮ್ಮತ್ತಿ ಬಾಯಿ ಬಿಟ್ಲು.

"ಅದು ಹಿಂದ ಹೋದಾಗ ಹುಡುಗಿ ಇನ್ನೂ ಹತ್ತಿರ್ಲಿಲ್ಲರಿ. ಆಮ್ಯಾಲ ಹತ್ಯಾಳ."

ಶುದ್ಧ ಸುಳ್ಳು. ನನ್ನ ತೊಡಿಗೆ ತೊಡಿ ಹಚ್ಚಿ ಕುಂತಿದ್ಲು ಆಕಿ. ಅಂಗಳ ತುಂಬ ಮಂದಿ ನೋಡ್ಯಾರ, ಕಂಬ ಮುರಿದು ನನ್ನ ತಲಿ ಮ್ಯಾಲ ಬಿದ್ದ ಗರಿ ಇನ್ನೂ ಹಂಗ ಐತಿ. ನಾ ದಂಗಾಗಿ ಆಕಿ ಮಾರಿ ನೋಡಿದೆ, ರೆಪ್ಪಿ ಸೈತ ಬಡೀಲಿಲ್ಲ. ಯಾರೂ ಇಲ್ಲ ಅನ್ಲಿಲ್ಲ. ಮಾವ ಒಂದು ಸಲ ಅತ್ತಿನ್ನ, ಒಂದು ಸಲ ಮಂದಿನ್ನ ನೋಡಿ, ಜೀಪು ಹತ್ತಿ ಕುಂತ.

ಸಿಂಧನೂರಿಂದ ಲಿಂಗಸೂಗೂರ ತನಕ, ನಡುವ ಮಸ್ಕಿ ದಾಟಿ, ನಾ ಗಂಡನ ಮನಿಗೆ ಹೋಗಿದ್ದು ರಿವರ್ಸ್ ಗೇರಿನಾಗ. ಅದಕ್ಕ ಓಟ ಇಲ್ಲ, ಬರೇ ಒದರಾಟ. ಸೈಕಲ್ಲಿನವ್ರು ನಮ್ಮನ್ನ ದಾಟಿ ಹೋದ್ರು. ಬೀಗರ ಕಡೆ ಮಂದಿ ಕುಂತ ಬಸ್ಸು ದಾಟಿ ಹೋತು, ಕಿಡಕ್ಯಾಗ ತಲಿ ಹಾಕಿ ಕೈ ಮಾಡಿದ್ರು. ಎಂಜಿನ್ ಮ್ಯಾಲಿಂದ ಮ್ಯಾಲ ಕಾಯ್ದು ಉಗಿ ಬಿಡತಿತ್ತು. ಕಾಲುವಿ ಕಂಡಲ್ಲಿ ಅಪ್ಪ ಕೊಡ ಹಿಡ್ಕೊಂಡು ಇಳಿಯೋದು, ನೀರು ತರೋದು, ಹಾಕೋದು. ಅಪ್ಪನ ಕೊಳ್ಳಿನ ಹಿಂದ ಬೆವರಿನ ಸಂಗಾಟ ಗ್ರೀಸು ಇಳಿಯೋದು ನೋಡಿಕೋತ ಕುಂತಿದ್ದೆ. ಎಲ್ಲಾರ ಮುಂದ ಅವನ ಇಜ್ಜತ್ ತಗದಾಕಿ ನಾನ ಅನಸ್ತಿತ್ತು.

ಮಸ್ಕಿ ಬಂದ ಮ್ಯಾಲ ಎಂಜಿನ್ ಆರಾಕ ಅಂತ ನಿಲ್ಲಿಸಿದ. ಮಾವ ನಮ್ಮ ಮನಿಯವ್ರನ್ನ ಕರ್ಕೊಂಡು ಚಾ ಕುಡಿಯಾಕ ಹೋದ. ಅತ್ತಿ ಒಂದು ಪೊಟ್ಟಣ ಮಂಡಕ್ಕಿ-ಮಿರ್ಚಿ ತರಿಸಿ ನನ್ನ ಉಡಿಯಾಗ ಇಟ್ಲು. ಹಸಿವಾಗೈತಿ, ತಿನ್ನು ಅಂದ್ಲು. ಆಮ್ಯಾಲ ಗುಡ್ಡದ ಕಡೆ ನೋಡಿಕೋತ, ಯಾರಿಗೋ ಹೇಳಿದಂಗ ಹೇಳಿದ್ಲು.

"ನಾ ಬಂದ ಬಂಡಿ ಒಂದು ಗೇಣು ಹಿಂದ ಸರಿದಿರ್ಲಿಲ್ಲ. ಆದ್ರೂ ನಿಮ್ಮಾವ ನನ್ನ ಎರಡು ಸಲ ತೌರಿಗೆ ತಿರುಗಿ ಕಳಿಸಿದ್ದ."

ಯಾಕ ಕಳಿಸಿದ್ದ, ಹೆಂಗ ಕರೆಸಿಕೊಂಡ, ಏನೂ ಹೇಳ್ಲಿಲ್ಲ, ನಾ ಕೇಳಾಕ ಹೋಗ್ಲಿಲ್ಲ. ಮುಂಜಾನೆ ಆಡಿದ ಸುಳ್ಳು ಎಲ್ಲಿಂದ ಬಂತು ಅಂತ ಅಷ್ಟ ಗೊತ್ತಾತು. ಅವತ್ತಿಂದ ಆಕಿ ಸಾಯೋ ತನಕ ಆಕಿಗೆ ನಾ ಎದುರು ಮಾತಾಡಿಲ್ಲ, ಉಳಿದವ್ರೆಲ್ಲಾರಿಗೂ ಭರ್ಜರಿ ಮಾತಾಡೀನಿ.

ಮಸ್ಕಿ ಬಿಟ್ಟು ಒಂದು ಹಳ್ಳದ ಸೇತುವಿ, ಒಂದ ಗಾಡಿ ಹಿಡಿಯೋವಷ್ಟು. ನಾವು ನಡುವ ಇದ್ವಿ, ಎದುರಿಗೆ ನೆಲ್ಲಿನ ಲಾರಿ ಬಂತು. ಅದರ ಡ್ರೈವರ್ ಹಾರ್ನ್ ಹೊಡೆದು, ನಂದು ಲೋಡ್ ಗಾಡಿ, ಹಿಂದಕ ತಗೋರಿ ಅಂತ ಒದರಿದ. ಅಪ್ಪನ ಕೈ ಗೇರಿನ ಮ್ಯಾಲ ಹೋಗಿ ಅಲ್ಲೇ ನಿಂತು. ಹಿಂದ ಹೋಗಾಕ ನಮ್ಮ ಜೀಪಿಗೆ ಗೇರೇನು ಕಮ್ಮಿ? ಆದ್ರ ಹೋದ್ವಿ ಅಂದ್ರ ಅತ್ತಿ ಸುಳ್ಳೂ ನನ್ನ ಕಾಯಂಗಿಲ್ಲ. ನಾ ಕಣ್ಣು ಮುಚ್ಚಿದೆ. ಬಾಗಲು ತೆರೆದ ಸಪ್ಪಳ ಕೇಳಿತು. ಕಣ್ಣು ಬಿಟ್ರ ಮಾವ ಇಳಿದು, ತಲಿ ಮ್ಯಾಲಿನ ಪಟಗಾ ಸರಿ ಮಾಡ್ಕೊಂಡು, ಸೇತುವಿ ನಡುವ ಲಾರಿಗೆ ಎದಿ ಕೊಟ್ಟು ನಿಂತಾನ.

"ಹಿಂದ ನಡಿಯಲೇ. ಒಳಗ ನಮ್ಮ ಸೊಸಿ ಕುಂತಾಳ. ನಮ್ಮ ಗಾಡಿ ಹಿಂದ ಬರಂಗಿಲ್ಲ."

ನಮ್ಮ ಸೊಸಿ ಅಂದ, ಮುಂಜಾನೆ ಬಿಟ್ಟು ಹೋಗಾಕ ನಿಂತಾಂವ. ಡ್ರೈವರ್ ಏನೇನೋ ಬೈದ, ಮಾವ ಅವನ ಹಿಂದಿನ ಪೀಳಿಗಿ ತನಕ ಬೈದ. ಕಡೀಕ ಆ ಲೋಡ್ ಲಾರಿ ತೆವಳಿಕೋತ ಹಿಂದ ಹೋತು. ಅತ್ತಿ ಮೊಣಕೈಲೆ ನನ್ನ ಮೆಲ್ಲಕ ತಿವಿದ್ಲು. ನಮ್ಮ ಮನಿಯವ್ರು ಆಗೂ ಚಪ್ಪಲಿ ನೋಡಾಕತ್ತಿದ್ರು.

ಲಿಂಗಸೂಗೂರು ಮುಟ್ಟಿದಾಗ ದೀಪ ಹಚ್ಚೋ ಹೊತ್ತು. ಅವರ ಮನಿ ಇಕ್ಕಟ್ಟು ಓಣಿ ಕೊನೀಗೆ, ಗಾಡಿ ತಿರುಗಸಾಕ ಜಾಗಿಲ್ಲ. ಸೇರು ಒದ್ದು ಒಳಗ ಹೋದೆ, ಆರತಿ ಆತು. ಅಪ್ಪ ಚಾ ಸೈತ ಕುಡೀಲಿಲ್ಲ, ಗ್ರೀಸಿನ ಧೋತರದಾಗ ಬೀಗರ ಹಾಸಿಗಿ ಮ್ಯಾಲ ಹೆಂಗ ಕುಂದ್ರಲಿ ಅಂದ. ನನಗ ಒಂದು ಮಾತೂ ಹೇಳದ ಹೊಂಟ. ನನ್ನ ಮ್ಯಾಲ ಸಿಟ್ಟಾಗ್ಯಾನ ಅಂತ ನಾ ತಿಳ್ಕೊಂಡೆ. ಮಾವ ಕಟ್ಟಿ ಮ್ಯಾಲಿಂದ ಕೂಗಿ ಹೇಳಿದ, ಬೀಗ್ರ, ಹೆಣ್ಣು ಒಪ್ಪಿಸಿದ ಅಪ್ಪ ಹೋಗುವಾಗ ಹಿಂದ ತಿರುಗಿ ನೋಡಬಾರದು, ನಮ್ಮಲ್ಲಿ ಪದ್ಧತಿ. ಅಪ್ಪ ಹೂಂ ಅಂತ ಗೋಣು ಹಾಕಿ ಜೀಪು ಹತ್ತಿದ.

ಒಂದನೇ ಗೇರು ಹಾಕಿದ. ಜೀಪು ಮೆಲ್ಲಕ ಹಿಂದ ಸರೀತು, ಮೂಗು ನನ್ನ ಕಡೇನ. ಹಿಂದ ದಾರಿ ನೋಡಿಕೊಂಡು ಹೋಗಬೇಕಾದ ಮನಷ್ಯಾ ನೇರ ಮುಂದ ಕಣ್ಣಿಟ್ಟಿದ್ದ. ಬಾಗಲದಾಗಿನ ಕಂದೀಲ ಬೆಳಕು ಗಾಜಿನ ಮ್ಯಾಲ ಬಿದ್ದು ಅವನ ಮಾರಿ ಪೂರಾ ಕಾಣತಿತ್ತು. ಅಪ್ಪ ಅಳಾಕತ್ತಿದ್ದ, ನನ್ನ ನೋಡಿ ನಗಾಕೂ ಹತ್ತಿದ್ದ. ಅಷ್ಟು ಹೊತ್ತು ಆ ಮಾರಿ ನಾ ಹುಟ್ಟಿದಾಗಿಂದ ನೋಡಿರ್ಲಿಲ್ಲ. ಓಣಿ ಮುಗಿಯೋ ತನಕ ಕಣ್ಣು ತೆಗೀಲಿಲ್ಲ, ತುದಿಮನಿ ಗ್ವಾಡಿಗೆ ಜೀಪು ತಿಕ್ಕಿ ಒಳಗಿನವ್ರು ಹೊರಗ ಬಂದು ಬೈದ್ರೂ ತೆಗೀಲಿಲ್ಲ. ಮಾವನ ಮಾತು ಅವನೇನೂ ಮೀರ್ಲಿಲ್ಲ. ನನ್ನ ನೋಡಾಕ ಅಪ್ಪ ಹಿಂದ ತಿರುಗಬೇಕಾಗಿರ್ಲಿಲ್ಲ.